ಕೋಡಿಮಠ: ಅನಾಥ ರೋಗಿಗಳಿಗೆ ಔಷಧ ಸಿಗುತ್ತಿದ್ದ ತಾಣ

ನೀವೀಗ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಮುಂದಿದ್ದೀರಿ. ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ನಾಡಿನ ರಾಜಧಾನಿಯಾಗಿದ್ದ ಈ ಊರಿನಲ್ಲಿ, ಈ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಮಠವಿತ್ತು.

ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠವನ್ನು ಬಣ್ಣಿಸುವ ಬಗೆ ಅಪರೂಪದ್ದು. ಆಗ ವಾಮಶಕ್ತಿ ಪಂಡಿತರು ಮಠದ ಆಚಾರ್ಯರು. ವೇದ, ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರ, ಪುರಾಣಗಳ ಪಾಠ ಇಲ್ಲಿ ನಡೆಯುತ್ತಿತ್ತು. ಬಡವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು ಕೂಡ ಅದೇ ಪಂಕ್ತಿಯಲ್ಲಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರದ ಸ್ಥಳ ಎಂದೂ ಶಾಸನ ಮಠವನ್ನು ಕರೆಯುತ್ತದೆ. ಅರಸರ ದಿಗ್ವಿಜಯದ ಮಾತುಗಳಿಗಿಂತ ಈ ಒಂದು ಮಾತೇ ಹೆಚ್ಚು ಬೆಲೆಯುಳ್ಳದ್ದು.

ಮಧ್ಯಯುಗದ ಯುರೋಪಿನ ಕ್ರೈಸ್ತ ಮಠಗಳಲ್ಲೂ ಇಂಥ ವ್ಯವಸ್ಥೆಯಿತ್ತು. ರೋಗಿಗಳ ಕೋಣೆಗೆ ಅಲ್ಲಿ ಇನ್ಫಿರ್ಮೇರಿಯಾ ಎನ್ನುತ್ತಿದ್ದರು. ಲ್ಯಾಟಿನ್ನಿನ ಇನ್ಫಿರ್ಮಸ್ ಎಂದರೆ ಬಲಗುಂದಿದವನು. ನಮ್ಮ ‘ಆಸ್ಪತ್ರೆ’ಯ ಬೇರೂ ಅದೇ ಭಾಷೆಯ ಹೋಸ್ಪೆಸ್, ಅಂದರೆ ಅತಿಥಿ ಅಥವಾ ಆತಿಥೇಯ. ಅನ್ನವನ್ನೂ ಔಷಧವನ್ನೂ ಒಂದೇ ಸೂರಿನಡಿ ಕೊಟ್ಟ ಕೋಡಿಮಠಕ್ಕೆ ಆ ಅರ್ಥ ಚೆನ್ನಾಗಿ ಹೊಂದುತ್ತದೆ.

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ 7ನೇ ಸಂಪುಟದಲ್ಲಿ ಕೋಡಿಮಠದ ಈ 1162ರ ಶಾಸನ ಶಿಕಾರಿಪುರ ತಾಲ್ಲೂಕಿನ 102ನೆಯದು.

ದಯವಿಟ್ಟು ಶಾಸನಕಲ್ಲುಗಳಿಗೆ ಎಣ್ಣೆ, ಅರಿಸಿನ, ಕುಂಕುಮ ಹಚ್ಚಬೇಡಿ. ಅಕ್ಷರಗಳು ಸವೆಯುತ್ತವೆ.