ಬೆಂಜ್ ಸರ್ಕಲ್‌ನಿಂದ ಎರಡು ದಾರಿ

ಚೆನ್ನೈ–ಕೋಲ್ಕತ್ತ ಹೆದ್ದಾರಿಯೂ, ಪುಣೆಯಿಂದ ನಮ್ಮ ಹುಮನಾಬಾದ್ ಹಾದು ಹೈದರಾಬಾದ್ ಮೇಲೆ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿಯೂ ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಕೂಡುತ್ತವೆ. ಕೆಲಸಕ್ಕೆಂದು ಈ ಊರಿಗೆ ಬಂದ ಪಾವಗಡದವನು ನಾನು. ನನ್ನ ಹಲ್ಲಿನ ಕಂದು ಗೆರೆ ನೋಡಿ "ಗುಟ್ಕಾನಾ?" ಎಂದು ಕೇಳಿದವರಿದ್ದಾರೆ. ಗುಟ್ಕಾ ಅಲ್ಲ, ನಮ್ಮೂರ ಬೋರಿನ ನೀರು. ಆ ನೀರಿನ ಚರಿತ್ರೆಯ ಎರಡು ತುದಿಗಳು ಈ ಎರಡು ರಸ್ತೆಗಳ ಮೇಲಿವೆ.

ಚೆನ್ನೈ ಕಡೆ ಇಳಿದರೆ ಒಂಗೋಲು ಸಿಗುತ್ತದೆ. ಅದರ ಪಶ್ಚಿಮಕ್ಕೆ ದರ್ಶಿ, ಪೊದಿಲಿ, ಕನಿಗಿರಿ; ಆಗ ಇವು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆ. ಬೆನ್ನು ಬಿಗಿದು, ಕುತ್ತಿಗೆ ಹೊರಳಿಸಲಾಗದೆ ಬಾಗಿದ ಜನರನ್ನು ಅಲ್ಲಿ ಪರೀಕ್ಷಿಸಿದ ಶಾರ್ಟ್ ಮತ್ತು ಸಂಗಡಿಗರು, ಬಾವಿ ನೀರಿನ ಫ್ಲೋರೈಡೇ ಕಾರಣವೆಂದು 1937ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಬರೆದರು.

ನೀರಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಅದರೊಡನೆ ಸೇರಿ ತಳಕ್ಕಿಳಿಯಬೇಕಲ್ಲ? ಇಳಿಯುತ್ತದೆಯೇ ಎಂದು ಮುಂಚೆಯೇ ಹೇಳುವ ಲೆಕ್ಕವನ್ನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲೇ ಕೊಟ್ಟಿದ್ದ. ಕ್ಯಾಲ್ಸಿಯಂ ಅಯಾನಿನ ಸಾಂದ್ರತೆಯನ್ನು ಫ್ಲೋರೈಡ್ ಸಾಂದ್ರತೆಯ ವರ್ಗದಿಂದ ಗುಣಿಸಿ. ಮೋಲ್ ಲೆಕ್ಕದಲ್ಲಿ ಅದು ಸುಮಾರು 3.5×10⁻¹¹ ದಾಟಿದರೆ ಗಸಿ ಕೂರಬೇಕು, ದಾಟದಿದ್ದರೆ ಎಲ್ಲವೂ ಕರಗಿಯೇ ಇರುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿಗೆ ಈ ಲೆಕ್ಕ ಹಾಕಿ ನೋಡಿದೆ: 3.5 ಮಿಲಿಗ್ರಾಂವರೆಗೆ ಫ್ಲೋರೈಡ್ ಹಾಯಾಗಿ ಕರಗಿರಬಲ್ಲದು. ಕುಡಿಯುವ ನೀರಿಗೆ ನಮ್ಮ ಮಾನದಂಡ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಸುಣ್ಣ ಸುರಿದೇ 1ಕ್ಕೆ ಇಳಿಸುತ್ತೇವೆಂದರೆ ನೀರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಉಳಿದಿರಬೇಕು. ಅದನ್ನು ಯಾರು ಕುಡಿಯುತ್ತಾರೆ? ನಮ್ಮ ಗ್ರಾನೈಟ್ ಸೀಮೆಯ ಸೋಡಾಗುಣದ ನೀರಿನಲ್ಲಂತೂ ಕ್ಯಾಲ್ಸಿಯಂ ಮೊದಲೇ ಸುಣ್ಣಕಲ್ಲಾಗಿ ಕೂತುಬಿಡುತ್ತದೆ, ಫ್ಲೋರೈಡಿಗೆ ಜೊತೆಯೇ ಸಿಗುವುದಿಲ್ಲ.

ಹೀಗಾಗಿ ದಾರಿ ಪಟಿಕದ ಕಡೆ ಹೊರಳಿತು. ನಾಗಪುರದ ನೀರಿ ಸಂಸ್ಥೆಯವರು 1975ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಹೈದರಾಬಾದ್ ರಸ್ತೆಯ ಜಿಲ್ಲೆಯದೇ ಹೆಸರು: ನಲ್ಗೊಂಡ ತಂತ್ರ. ಬಕೆಟ್ಟಿಗೆ ಸುಣ್ಣ, ಪಟಿಕ, ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ, ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ಕಲಕಿ, ಗಂಟೆಹೊತ್ತು ಬಿಡುವುದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹತ್ತಿಯಂತೆ ಅರಳಿ ಇಳಿಯುವಾಗ ಫ್ಲೋರೈಡನ್ನು ಮೈಗಂಟಿಸಿಕೊಂಡು ಒಯ್ಯುತ್ತದೆ. ನಲ್ಲಿ ತಳಕ್ಕಿಂತ ತುಸು ಮೇಲಿರಬೇಕು, ಗಸಿ ಕದಡಬಾರದು. ಕರೆಂಟು ಬೇಡ, ದೊಡ್ಡ ಯಂತ್ರ ಬೇಡ. ಜಾಣತನದ ಕೆಲಸವೆಂದೇ ನನ್ನ ಎಣಿಕೆ. ಆದರೆ ಫ್ಲೋರೈಡ್ ಹೆಚ್ಚಿದಷ್ಟೂ ಪಟಿಕ ಹೆಚ್ಚು ಬೇಕು, ನೀರಲ್ಲಿ ಸಲ್ಫೇಟ್ ಉಳಿಯುತ್ತದೆ, ಅಳತೆ ತಪ್ಪಿದರೆ ಅಲ್ಯೂಮಿನಿಯಂ ಕೂಡ. ಗಸಿಯನ್ನು ದಿನಾ ಎಲ್ಲಿ ಚೆಲ್ಲುವುದು? ನೀರು ಹೊತ್ತು ತಂದ ಹೆಂಗಸರ ತಲೆಗೇ ಈ ರಸಾಯನಶಾಸ್ತ್ರವೂ ಬಿತ್ತು.

ಕೊನೆಗೆ ನೀರನ್ನೇ ಬದಲಿಸಬೇಕಾಯಿತು. ನಲ್ಗೊಂಡಕ್ಕೆ ಕೃಷ್ಣಾ ನದಿಯ ನೀರು ಬಂತು. ಮಿಷನ್ ಭಗೀರಥದ ಪೈಲಾನ್ 2015ರಲ್ಲಿ ಅದೇ ಹೆದ್ದಾರಿಯ ಚೌಟುಪ್ಪಲ್‌ನಲ್ಲಿ ಎದ್ದಿತು. ಬಾಗಿದ ಬೆನ್ನುಗಳ ಲೆಕ್ಕ ಮಾತ್ರ ಬೇರೆ. ನಮ್ಮ ಮೂಳೆಯೂ ಕ್ಯಾಲ್ಸಿಯಂ, ಫಾಸ್ಫೇಟ್ ಅಯಾನುಗಳು ಕೂಡಿ ಕೂತ ಗಸಿಯೇ. ಅದರೊಳಗೆ ಹೈಡ್ರಾಕ್ಸೈಡಿನ ಜಾಗ ಹಿಡಿದ ಫ್ಲೋರೈಡ್ ಇನ್ನೂ ಕಡಿಮೆ ಕರಗುತ್ತದೆ. ನಲ್ಲಿಯಲ್ಲಿ ಕೃಷ್ಣೆ ಹರಿದ ಮೇಲೂ ಅದು ಬೇಗ ಜಾಗ ಬಿಡುವುದಿಲ್ಲ.