ಕೊನೆಗದ್ದೆಗೆ ನೀರು ಬಂತಾ?

ಪಾಲಹಳ್ಳಿಯ ಮಗ್ಗುಲಲ್ಲೇ ಚಿಕ್ಕದೇವರಾಜಸಾಗರ ನಾಲೆ ಹರಿಯುತ್ತದೆ. ಊರವರ ಬಾಯಲ್ಲಿ ಅದು ಸಿಡಿಎಸ್ ನಾಲೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ನಾಲೆ ಇದು. ನೀರು ಬಿಟ್ಟ ದಿನ ಗದ್ದೆಬದುವಿನ ಮೇಲೆ ಕೇಳಿಬರುವ ಪ್ರಶ್ನೆ "ನೀರು ಬಿಟ್ರಾ?" ಎಂಬುದಲ್ಲ, "ಕೊನೆಗದ್ದೆಗೆ ಬಂತಾ?" ಎಂಬುದು. ಕಂಪ್ಯೂಟರ್ ಜಾಲಗಳ ಇತಿಹಾಸ ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದಕ್ಕೆ ಉತ್ತರ ಹೇಳಬೇಕಾದವನು ನೀರುಗಂಟಿ. ತೂಬು ತೆಗೆದು ಮುಚ್ಚುವುದು, ಸರದಿಯಂತೆ ನೀರು ಹಾಯಿಸುವುದು ಅವನ ಹೊಣೆ. ಅದಕ್ಕೆ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ. ತೂಬಿಗೊಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಬೆಳೆಯೆಲ್ಲ ಕಾವಲಿನ ಕೂಲಿಗೇ ಹೋದೀತು. ಕೊನೆಯಲ್ಲಿ ನೀರಿಲ್ಲದಿದ್ದರೆ ನಡುವಿನ ತೂಬು ನೋಡಿದರಾಯಿತು. ಅಲ್ಲಿ ನೀರಿದ್ದರೆ ತೊಂದರೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 64 ತುಂಡುಗಳ ಕಾಲುವೆಯಲ್ಲೂ ಆರು ಕಡೆ ನೋಡಿದರೆ ಸಾಕು.

ಕಂಪ್ಯೂಟರ್ ಜಾಲಗಳು ಈ ಮಿತವ್ಯಯವನ್ನು ಪೆಟ್ಟು ತಿಂದು ಕಲಿತವು. 1980ರ ಅಕ್ಟೋಬರ್ 27ರಂದು ಅಮೆರಿಕದ ಆರ್ಪಾನೆಟ್ ಹಲವು ಗಂಟೆ ಸ್ತಬ್ಧವಾಯಿತು. ಅಲ್ಲಿನ ಪ್ರತಿ ನೋಡ್ ತನ್ನ ಕೊಂಡಿಗಳ ಸ್ಥಿತಿಯನ್ನು ಉಳಿದವಕ್ಕೆ ವರದಿ ಮಾಡುತ್ತಿತ್ತು. ಹಾರ್ಡ್‌ವೇರ್ ದೋಷದಿಂದ ಕ್ರಮಸಂಖ್ಯೆಯ ಬಿಟ್‌ಗಳು ಅಳಿಸಿಹೋಗಿ, ಒಂದು ನೋಡ್‌ನ ವರದಿ 8, 40, 44 ಎಂಬ ಮೂರು ಸಂಖ್ಯೆಗಳಲ್ಲಿ ಹರಡಿತು. ಸಂಖ್ಯೆಗಳು ಗಡಿಯಾರದಂತೆ ಸುತ್ತಿ ಬರುವುದರಿಂದ 40 ಎಂಟಕ್ಕಿಂತ ಹೊಸದು, 44 ನಲವತ್ತಕ್ಕಿಂತ ಹೊಸದು, 8 ಮತ್ತೆ ನಲವತ್ನಾಲ್ಕಕ್ಕಿಂತ ಹೊಸದು! ಮೂರೂ ಕೊನೆಯಿಲ್ಲದೆ ಸುತ್ತಿದವು. ಜಾಲದ ಆರೋಗ್ಯ ಹೇಳಬೇಕಾದ ವರದಿಗಳೇ ಜಾಲವನ್ನು ಮುಳುಗಿಸಿದವು.

1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಮ್ ಬರೆದ. ಸೋನಾರ್‌ನ ಸದ್ದಿನಿಂದ ಬಂದ ಹೆಸರದು. "ಇದ್ದೀಯಾ?" ಎಂದು ಕೂಗುವುದು, ಮರುದನಿ ಬರಲು ಹಿಡಿದ ಹೊತ್ತನ್ನು ಅಳೆಯುವುದು, ಇಷ್ಟೇ ಅದರ ಕೆಲಸ.

ಆದರೆ ಇರುವುದೇ ಬೇರೆ, ಕೆಲಸ ಮಾಡುವುದೇ ಬೇರೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದೂರ ಸುಮಾರು 400 ಗಜ ಅಷ್ಟೇ. ಕೊಂಡಿ ಕಡಿದಿರಲಿಲ್ಲ, ದಟ್ಟಣೆಯಿಂದ ಕಟ್ಟಿಕೊಂಡಿತ್ತು. ಅದರ ಕಾರಣ ಬಿಡಿಸಿದ ವ್ಯಾನ್ ಜೇಕಬ್‌ಸನ್ 'ಟ್ರೇಸ್‌ರೂಟ್' ಅನ್ನೂ ರೂಪಿಸಿದರು. ಮೊದಲ ಪ್ಯಾಕೆಟ್‌ಗೆ ಒಂದು ಹೆಜ್ಜೆಯ ಆಯುಷ್ಯ, ಮುಂದಿನದಕ್ಕೆ ಎರಡು. ಆಯುಷ್ಯ ತೀರಿದಲ್ಲಿಂದ ಸುದ್ದಿ ಬರುತ್ತದೆ. ತೂಬಿನಿಂದ ತೂಬಿಗೆ ನಡೆದಂತೆ.

1988ರಲ್ಲಿ ಎಸ್‌ಎನ್‌ಎಂಪಿ ಬಂತು. ಪ್ರತಿ ಯಂತ್ರ ತನ್ನ ಲೆಕ್ಕ ತಾನೇ ಇಡುತ್ತದೆ, ಕೇಳಿದಾಗ ಹೇಳುತ್ತದೆ. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು? ಸಾವಿರ ಯಂತ್ರಗಳಿಂದ ನೂರು ನೂರು ಲೆಕ್ಕಗಳನ್ನು ಹತ್ತು ಸೆಕೆಂಡಿಗೊಮ್ಮೆ ಕೇಳಿದರೆ ಸೆಕೆಂಡಿಗೆ 10,000 ಉತ್ತರ. ಐದು ನಿಮಿಷಕ್ಕೊಮ್ಮೆ ಕೇಳಿದರೆ ಸುಮಾರು 333. ಆದರೆ ಎರಡು ನಿಮಿಷ ಕೆಟ್ಟು ಸರಿಹೋದದ್ದು ಕಣ್ಣಿಗೇ ಬೀಳದಿರಬಹುದು. ಅದಕ್ಕೇ 'ಟ್ರ್ಯಾಪ್': ಕೆಟ್ಟಾಗ ಯಂತ್ರವೇ ಕೂಗಿ ಹೇಳುವ ಏರ್ಪಾಟು. ಪೂರ್ತಿ ಸತ್ತ ಯಂತ್ರ ಕೂಗಲಾರದು. ಹಾಗಾಗಿ ಎರಡೂ ಬೇಕು: ಅಪರೂಪದ ಸುತ್ತು, ತುರ್ತಿನ ಕೂಗು.

ಕಳೆದ ವರ್ಷ ಶಿಷ್ಯವೇತನದ ಅರ್ಜಿಗೆ ಕೊನೆಯ ದಿನ ನಾನು ಊರಲ್ಲಿದ್ದೆ. ಪುಟ ತೆರೆಯಲೇ ಇಲ್ಲ. ಸಹಾಯವಾಣಿಯವರು ತಾಳ್ಮೆಯಿಂದಲೇ ಹೇಳಿದರು: "ನಮ್ಮ ಕಡೆ ಎಲ್ಲ ಸರಿಯಾಗಿದೆ." ಅವರದು ಸುಳ್ಳಲ್ಲ, ಅವರ ಪರದೆಯ ದೀಪಗಳೆಲ್ಲ ಹಸಿರಾಗಿದ್ದಿರಬೇಕು. ನಾಲೆಯ ಮೇಲೆ ಬೈಕು ಓಡಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಅರ್ಜಿ ಕಳಿಸುವಾಗ ಹದಿನೈದು ನಿಮಿಷ ಬಾಕಿಯಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನಕ್ಕು ಅಂದರು, "ತಲೆತೂಬಲ್ಲಿ ನಿಂತ್ಕೊಂಡು ನೋಡಿದ್ರೆ ಯಾವಾಗ್ಲೂ ನೀರು ಕಾಣ್ತದೆ ಕಣಪ್ಪ."