ಎಂಟೆದೆಯ ಮಾತಿಗೂ ಮೊದಲು

ನಮ್ಮೂರು ಮುಧೋಳ ತಾಲ್ಲೂಕಿನ ತಿಮ್ಮಾಪುರ. ಇಲ್ಲಿಯ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ವಿಳಾಸದಲ್ಲಿ ‘ರನ್ನನಗರ’ ಅಂತ ಇರ್ತದ. ಇದೇ ತಾಲ್ಲೂಕಿನ ಬೆಳಗಲಿಗೆ ಈಗ ರನ್ನ ಬೆಳಗಲಿ ಅಂತ ಹೆಸರು. ನಮ್ಮ ಕಡೆ ಕಥೆ, ಕವನ ಬರೆಯೋ ಹುಡುಗರಿಗೆ ರನ್ನನ ಒಂದು ಮಾತು ಬಾಯಿಪಾಠ: ತನ್ನ ಕಾವ್ಯವನ್ನು ಪರೀಕ್ಷೆ ಮಾಡೋಕೆ ಬರುವವನಿಗೆ ಎಂಟೆದೆ ಇದೆಯೇನು ಅಂತ ಕೇಳಿದ್ದ. ಬರೆದದ್ದರಲ್ಲಿ ಯಾರಾದರೂ ತಪ್ಪು ತೋರಿಸಿದರೆ ಸಾಕು, ಈ ಡೈಲಾಗ್ ಹೊರಗ ಬಂತೇ.

ಆ ಮಾತು ಆಡುವ ಮೊದಲು ಅವನು ನಡೆದ ದಾರಿ ಮಾತ್ರ ಯಾರಿಗೂ ಬೇಡ.

ರನ್ನ ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರಿಕೊಂಡೇ ಬದುಕಬಹುದಿತ್ತು. ಓದಬೇಕು ಅಂತ ಗಂಗರ ನಾಡಿಗೆ ಹೋದ. ಮುಧೋಳದಿಂದ ಶ್ರವಣಬೆಳಗೊಳಕ್ಕೆ ಇವತ್ತಿನ ರಸ್ತೆಯಲ್ಲೇ 400 ಕಿಲೋಮೀಟರಿಗೂ ಹೆಚ್ಚು. ಆಗ ಹೆಂಗ ಹೋದನೋ ಏನೋ! ಅಲ್ಲಿ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಸರೆ ಕೊಟ್ಟ. ಈ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ ಮಂತ್ರಿ ಮಾತ್ರ ಅಲ್ಲ, 978ರಲ್ಲಿ ತಾನೇ ಒಂದು ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದವ. ಅವನಿಗೂ ಅಜಿತಸೇನರೇ ಗುರು. ಅಂದರೆ ಅನ್ನ ಹಾಕಿದವನಿಗೂ ಬರವಣಿಗೆಯ ಕಷ್ಟ ಗೊತ್ತಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ‘ಕವಿರತ್ನ’ ಅಂತ ಕೆತ್ತಿದ್ದು ಇದೆ, ಅದು ನಮ್ಮ ರನ್ನನದೇ ಅಂತಾರೆ ವಿದ್ವಾಂಸರು.

ಕಣ್ಮುಂದೆ ಇದ್ದ ಗುರು ಸಾಲದೆ, ಪುಸ್ತಕದಲ್ಲಿದ್ದ ಗುರುವನ್ನೂ ಅವನು ಬಿಡಲಿಲ್ಲ. ಪಂಪ 941ರಲ್ಲಿ ಮುಗಿಸಿದ ಭಾರತದ 13ನೇ ಆಶ್ವಾಸವೇ ‘ಗದಾಯುದ್ಧ’ದ ಬೇರು. ಒಂದು ಅಧ್ಯಾಯವನ್ನು ಇಡೀ ಕಾವ್ಯವಾಗಿ ಬೆಳೆಸಬೇಕಾದರೆ ಅದನ್ನು ಎಷ್ಟು ಸಲ ಓದಿರಬೇಕು ಲೆಕ್ಕ ಹಾಕ್ರಿ. 993ರಲ್ಲಿ ‘ಅಜಿತಪುರಾಣ’ ಮುಗಿಸಿ ಒಪ್ಪಿಸಿದ್ದು ಯಾರಿಗೆ? ಅತ್ತಿಮಬ್ಬೆಗೆ. ಪೊನ್ನನ ‘ಶಾಂತಿಪುರಾಣ’ವನ್ನು 1000 ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ಹಿಂದಿನ ದೊಡ್ಡ ಕವಿಯನ್ನು ಅಷ್ಟು ಬಲ್ಲವರ ಕೈಗೆ ತನ್ನ ಕೃತಿ ಕೊಡೋದು ‘ಸೂಪರ್ ಅಣ್ಣಾ’ ಅನ್ನೋ ಗೆಳೆಯನಿಗೆ ಓದಿ ಹೇಳಿದಷ್ಟು ಸಲೀಸಲ್ಲ. ಆಗ ರನ್ನನಿಗೆ 44 ವರ್ಷ.

ನಾನು ಮಾಡೋದು ಸಾಫ್ಟ್‌ವೇರ್ ಕೆಲಸ. ಮೂವತ್ತು ಸಾಲಿನ ಕೋಡ್ ಬರೆದರೂ ಇನ್ನೊಬ್ಬರು ಓದಿ, ಇದು ಯಾಕೆ, ಅದು ಯಾಕೆ ಅಂತ ಕೇಳದೆ ಮುಂದೆ ಹೋಗಲ್ಲ. ಯಾರೂ ಅದನ್ನ ಅವಮಾನ ಅನ್ಕೊಳ್ಳಲ್ಲ. ಅದೇ ಮಂದಿ ಒಂದು ಕಥೆ ಬರೆದರೆ ಅಲ್ಪವಿರಾಮ ಮುಟ್ಟಿದರೂ ಮುಖ ಊದಿಸ್ತಾರೆ. ಹಂಗಂತ ಪೂರ್ತಿ ತಪ್ಪು ಹುಡುಗರದೇ ಅನ್ನಲ್ಲ. ಹಳ್ಳಿಯಲ್ಲಿ ಕೂತು ಬರೆಯುವವನ ಹಾಳೆ ಇಸ್ಕೊಂಡು, ಪೆನ್ನು ಹಿಡಿದು, ‘ಈ ಎರಡು ಪುಟ ತೆಗಿ’ ಅನ್ನೋರು ಎಷ್ಟು ಮಂದಿ ಸಿಗ್ತಾರ? ಸಾವಿರ ವರ್ಷ ಆದಮೇಲೂ ಅದಕ್ಕೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕು.

ಬಳೆಗಾರರ ಕುಲವನ್ನೂ ಗುರುವಿನ ಹೆಸರನ್ನೂ ರನ್ನ ತಾನೇ ‘ಅಜಿತಪುರಾಣ’ದಲ್ಲಿ ಬರೆದಿಟ್ಟಾನ. ನಮ್ಮ ಕಡೆಯ ಭಾಷಣಗಳಲ್ಲಿ ಅದು ಬರಲ್ಲ, ಎಂಟೆದೆ ಮಾತ್ರ ಬರ್ತದ.